ಅಮಾವಾಸ್ಯೆಯ ಬೋಣಿಗೆಗೆ ಎರಡು ಬಾಕ್ಸ್ ನವಣೆ ಬಾರ್

ಪ್ಯಾಕೆಟ್ಟಿನ ಹಿಂಬದಿಯಲ್ಲಿ ನನ್ನ ಹೆಸರಿತ್ತು. ಹೆಸರಿನ ಪಕ್ಕ ನನ್ನ ಡಿಗ್ರಿ. ಅದರ ಕೆಳಗೆ ‘ಆಹಾರ ತಜ್ಞೆ ರೂಪಿಸಿದ ನವಣೆ ಬಾರ್, ಸಕ್ಕರೆ ಸೇರಿಸಿಲ್ಲ, ಸಕ್ಕರೆ ಕಾಯಿಲೆಯವರಿಗೂ ಸೂಕ್ತ’ ಎಂಬ ಸಾಲು. ಕೂಡ್ಲಿಗಿಯ ಡಾಕ್ಟರು ಅದನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿ ಕನ್ನಡಕದ ಮೇಲಿಂದ ನೋಡಿದರು.

“ಇದು ನೀವೇ ಏನ್ರಿ?”

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕುಳಿತಿದ್ದ ನನ್ನ ಅತ್ತೆ ಉತ್ತರ ಕೊಟ್ಟರು. “ಹ್ಞೂನ್ರಿ, ನಮ್ಮ ಸೊಸೀನ. ಆಕಿ ಹೆಸರು ನೋಡೇ ತಗಂತೀನ್ರಿ. ಮುಂಜಾನಿ ಒಂದು, ಸಂಜಿಗೊಂದು. ಬ್ಯಾರೆ ಸಿಹಿ ಏನೂ ಮುಟ್ಟಂಗಿಲ್ಲ.”

ಅವರ ಮಾತಿನಲ್ಲಿ ಹೆಮ್ಮೆ ಇತ್ತು. ಕಾನಹೊಸಹಳ್ಳಿಯಲ್ಲಿ ಮೈದುನನ ಮನೆಯಲ್ಲಿರುವ ಅವರು, ಹರಪನಹಳ್ಳಿಯಲ್ಲಿ ಕಾಲೇಜಿನಲ್ಲಿ ಪಾಠ ಮಾಡುವ ಸೊಸೆಯ ಹೆಸರು ಅಂಗಡಿಯ ಸಾಮಾನಿನ ಮೇಲೆ ಬಂದಿದೆ ಎಂದು ಓಣಿಗೆಲ್ಲ ತೋರಿಸಿದ್ದರಂತೆ. ನನಗೆ ಮಾತ್ರ ತೋರಿಸಿರಲಿಲ್ಲ. ನಾನು ಮಾಡಿದ್ದನ್ನು ನನಗೇನು ತೋರಿಸುವುದು ಎಂದು ಸುಮ್ಮನಿದ್ದರು. ಎಡಗಾಲಿನ ಕಿರುಬೆರಳು ಕಪ್ಪಾಗಿ, ಬಟ್ಟೆ ಸುತ್ತಿಕೊಂಡು ಕುಂಟುತ್ತ ಆಸ್ಪತ್ರೆಗೆ ಬಂದಾಗಲೂ ಚೀಲದಲ್ಲಿ ಎರಡು ಪ್ಯಾಕೆಟ್ ಇಟ್ಟುಕೊಂಡೇ ಬಂದಿದ್ದರು.

“ಶುಗರ್ ನಾನೂರರ ಹತ್ರ ಐತಿ,” ಎಂದರು ಡಾಕ್ಟರು. “ಗುಳಿಗಿ ಬರೋಬ್ಬರಿ ತಗಂಡಾರ. ಅನ್ನ ಬಿಟ್ಟಾರ. ಹಂಗಾರ ಇದು ಎಲ್ಲಿಂದ ಬಂತು? ಈ ಬಾರ್ ಒಂದರಿಂದಲೇ ಬೆರಳು ಹಾಳಾತು ಅಂತ ನಾನು ಬರೆದು ಕೊಡಾಕ ಬರಂಗಿಲ್ಲ. ಆದ್ರ ಓದಿದೋರು ನೀವು, ಇದರಾಗ ಏನೈತಿ ಅಂತ ನೋಡ್ರಿ.”

ಬೆರಳನ್ನು ಬಳ್ಳಾರಿಯಲ್ಲಿ ತೆಗೆದರು. ಮಂಪರು ಇಳಿದ ಮೇಲೆ ಅತ್ತೆ ಕೇಳಿದ ಮೊದಲ ಮಾತು, “ನಿನಗೇನೂ ತ್ರಾಸ ಆಗಂಗಿಲ್ಲಲ್ಲವ್ವ, ಹೆಸರು ನಿಂದೈತಿ?” ಆ ಮಾತು ಕೇಳಿದ ಮೇಲೆ ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು. ಯಾರ ಮೇಲೆ ಉರಿಯಿತು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಆ ಬಾರ್ ಮಾಡಿಸುವ ಮಾಲೀಕನ ಅಂಗಡಿ ಇರುವುದು ಹಗರಿಬೊಮ್ಮನಹಳ್ಳಿಯಲ್ಲಿ. ಅಂಗಡಿಯ ಹಿಂದೆಯೇ ಬಾರ್ ಮಾಡುವ ಯೂನಿಟ್ಟು. ಕಾಲೇಜಿಗೆ ಸೇರುವ ಮೊದಲು ನಾನು ಅಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸಕ್ಕಿದ್ದೆ. ಹುರಿದ ನವಣೆ, ಶೇಂಗಾ, ಎಳ್ಳು, ಅಂಟಿಗೆ ನುಣ್ಣಗೆ ಅರೆದ ಶೇಂಗಾ ಮತ್ತು ಸ್ವಲ್ಪವೇ ಸ್ವಲ್ಪ ಖರ್ಜೂರ. ಈ ಲೆಕ್ಕ ನನ್ನದು. ಅದನ್ನು ಪ್ರಯೋಗಾಲಯಕ್ಕೆ ಕಳಿಸಿ, ಬಂದ ಅಂಕಿಗಳನ್ನು ಪ್ಯಾಕೆಟ್ಟಿನ ಪೌಷ್ಟಿಕಾಂಶದ ಚೌಕದಲ್ಲಿ ಬರೆಸಿದವಳೂ ನಾನೇ. ಖರ್ಜೂರದಲ್ಲೂ ಸಕ್ಕರೆ ಇರುತ್ತದೆಯಲ್ಲ, ಅದಕ್ಕೇ ‘ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳಿ ತಿನ್ನಬೇಕು’ ಎಂದೂ ಕೆಳಗೆ ಹಾಕಿಸಿದ್ದೆ.

ಆ ಬಾರಿಗೆ ಒಂದು ರೋಗವಿತ್ತು. ನಮ್ಮ ಕಡೆಯ ಬಿಸಿಲಿಗೆ ಅದು ನಿಲ್ಲುತ್ತಿರಲಿಲ್ಲ. ಹೂವಿನಹಡಗಲಿಗೆ ಮುಟ್ಟುವಷ್ಟರಲ್ಲಿ ಶೇಂಗಾ ಎಣ್ಣೆ ಬಿಟ್ಟು ಬಾರ್ ಪುಡಿಯಾಗಿ, ಪ್ಯಾಕೆಟ್ ಒಡೆದರೆ ಉಸುಕು ಸುರಿದ ಹಾಗೆ ಸುರಿಯುತ್ತಿತ್ತು. ಮಾಲು ವಾಪಸ್ಸು ಬರತೊಡಗಿತು. ಮಾಲೀಕ ಗ್ಲೂಕೋಸ್ ಲಿಕ್ವಿಡ್ ತರಿಸಿದ. ಮಿಠಾಯಿಯವರು ಬಳಸುವ ಗಟ್ಟಿ ಪಾಕ ಅದು, ಎಂಥದನ್ನೂ ಹಿಡಿದು ನಿಲ್ಲಿಸುತ್ತದೆ. ನವಣೆಗೆ ಬದಲು ಅರ್ಧಕ್ಕರ್ಧ ಮಂಡಕ್ಕಿ ಸುರಿದ. ನಮ್ಮ ಸೀಮೆಯಲ್ಲಿ ಮಂಡಕ್ಕಿಗೇನು ಬರ. ಹಾಗೆ ಮಾಡುವುದಾದರೆ ಮಾಡಿರಿ, ಆದರೆ ಪ್ಯಾಕೆಟ್ಟಿನ ಮೇಲಿನ ಅಂಕಿ ಬದಲಾಯಿಸಿರಿ ಎಂದೆ. “ಅಂಕಿ ಯಾರು ಓದ್ತಾರ ಬಿಡ್ರಿ ಮೇಡಂ” ಎಂದ. ನಾನು ಕೆಲಸ ಬಿಟ್ಟೆ. ಅಂಕಿಗಳನ್ನು ಅವನು ಇಟ್ಟುಕೊಂಡ. ಎಚ್ಚರಿಕೆಯ ಸಾಲನ್ನು ತೆಗೆದು, ಅದೇ ಜಾಗದಲ್ಲಿ ನನಗೆ ತಿಳಿಸದೆ ನನ್ನ ಹೆಸರು ಕೂರಿಸಿದ.

ಬಳ್ಳಾರಿಯಿಂದ ಬಂದವಳೇ ಅತ್ತೆಯ ಚೀಲದಲ್ಲಿದ್ದ ಬಾರನ್ನು ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ದೆ. ಸಿಟ್ಟಿನಲ್ಲಿ ಮಾಡಿದ ಮೊದಲ ಪರೀಕ್ಷೆ ದಡ್ಡತನದ್ದು. ಪುಡಿ ಮಾಡಿದ ಬಾರಿಗೆ ಅಯೋಡಿನ್ ಹನಿ ಬಿಟ್ಟೆ. ಗಾಢ ನೀಲಿ ಬಂತು. ಸಿಕ್ಕಿಬಿದ್ದ, ಮಂಡಕ್ಕಿ ತುಂಬಿದ್ದಾನೆ ಎಂದು ಕುಣಿದೆ. ಆಮೇಲೆ ಹೊಳೆಯಿತು, ಅಯೋಡಿನ್ನಿಗೆ ನೀಲಿಯಾಗುವುದು ಪಿಷ್ಟ, ನವಣೆಯಲ್ಲೂ ಪಿಷ್ಟವೇ ಇರುವುದು. ನನ್ನದೇ ಲೆಕ್ಕದ ಬಾರಿಗೆ ಹಾಕಿದ್ದರೂ ಅದೇ ಬಣ್ಣ ಬರುತ್ತಿತ್ತು. ಮಕ್ಕಳಿಗೆ ವರ್ಷವೂ ಹೇಳಿಕೊಡುವ ಪಾಠ ಸಿಟ್ಟಿನಲ್ಲಿ ಮರೆತಿದ್ದೆ.

ಸಾವಧಾನ ತಂದುಕೊಂಡು ಮತ್ತೆ ಶುರು ಮಾಡಿದೆ. ಮನೆಯಲ್ಲಿ ನನ್ನ ಹಳೆಯ ಲೆಕ್ಕದಂತೆ ಒಂದು ತಟ್ಟೆ ಬಾರ್ ಮಾಡಿದೆ. ಅದನ್ನೂ ಅವನದನ್ನೂ ಸಮ ತೂಕದಲ್ಲಿ ತೆಗೆದುಕೊಂಡು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಅಂಟು ಕರಗಿದ ಮೇಲೆ ಜಾಲರಿಯಲ್ಲಿ ಸೋಸಿದೆ. ಜಾಲರಿಯಲ್ಲಿ ಉಳಿದ ಕಾಳುಗಳನ್ನು ಚಿಮಟದಿಂದ ಬೇರೆ ಮಾಡಿ ಒಣಗಿಸಿ ತೂಗಿದೆ. ನನ್ನದರಲ್ಲಿ ನವಣೆ ಗುಡ್ಡೆಯಾಗಿತ್ತು. ಅವನದರಲ್ಲಿ ಊದಿಕೊಂಡ ಮಂಡಕ್ಕಿ, ಅಲ್ಲೊಂದು ಇಲ್ಲೊಂದು ನವಣೆ, ಲೆಕ್ಕಕ್ಕೆಂದು ನಾಲ್ಕು ಶೇಂಗಾ ಬೇಳೆ. ಸೋಸಿದ ನೀರಿನ ಕೊಬ್ಬು ತೆಗೆದು ಸಕ್ಕರೆ ಅಳೆಯಲು ಬ್ಯುರೆಟ್ಟಿನ ಗಾಜಿನ ಕೊಳವೆಗೆ ಹಾಕಿದೆ. ಕೆಳಗೆ ಕುದಿಯುತ್ತಿದ್ದ, ಸಕ್ಕರೆ ತಾಗಿದರೆ ಕೆಂಪಾಗುವ ನೀಲಿ ಫೆಹ್ಲಿಂಗ್ ದ್ರಾವಣಕ್ಕೆ ನನ್ನ ಬಾರಿನ ನೀರನ್ನು ಬಿಟ್ಟಷ್ಟೂ ನೀಲಿ ಹೋಗಲೊಲ್ಲದು. ಅವನ ಬಾರಿನ ನೀರು ಒಂದಿಷ್ಟು ಬೀಳುವಷ್ಟರಲ್ಲಿ ದ್ರಾವಣ ಇಟ್ಟಿಗೆ ಕೆಂಪಾಯಿತು. ಬಾರಿನ ಮೂರರಲ್ಲೊಂದು ಪಾಲಿಗೂ ಮೇಲೆ ಸಕ್ಕರೆಯೇ. ಚೌಕದಲ್ಲಿ ಬರೆದ ಪ್ರೋಟೀನಿನ ಅರ್ಧವೂ ಅದರಲ್ಲಿ ಇರಲಾರದು. ಆ ಕೆಂಪು ನೋಡಿ ಬಹಳ ದಿನಗಳ ಮೇಲೆ ನನಗೆ ಹಸಿವಾಯಿತು.

ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಯ ಬಳಿ ಹೋದೆ. ಆತ ಕೆಟ್ಟವನಲ್ಲ, ಆದರೆ ಒಂದು ಜೀಪು, ಇಷ್ಟು ತಾಲ್ಲೂಕು. ಕಾಲೇಜಿನಲ್ಲಿ ನಾನೇ ಮಾಡಿದ ಪರೀಕ್ಷೆ ನಡೆಯುವುದಿಲ್ಲ, ತಾನೇ ಮಾದರಿ ತೆಗೆಯುತ್ತೇನೆ ಎಂದ. ಹೇಳಿದಂತೆ ಕೊಟ್ಟೂರಿನ ಒಂದು ಅಂಗಡಿಗೆ ಹೋಗಿ ತೆಗೆದ. ಜೀಪು ಹೊರಟ ಸುದ್ದಿ ಜೀಪಿಗಿಂತ ಮೊದಲೇ ಮುಟ್ಟಿತ್ತು ಎಂದು ಕಾಣುತ್ತದೆ. ಅಂಗಡಿಯಲ್ಲಿ ಸಿಕ್ಕಿದ್ದು ಹೊಸದಾಗಿ ಮಾಡಿಸಿ ಇಟ್ಟಿದ್ದ ಮಾಲು, ಸಾಕ್ಷಾತ್ ನನ್ನ ಲೆಕ್ಕದ್ದು, ಖರ್ಜೂರದ ಸಮೇತ. ವರದಿ ಶುದ್ಧವಾಗಿ ಬಂತು. ನನ್ನ ಬಾರೇ ನನ್ನ ವಿರುದ್ಧ ಸಾಕ್ಷಿ ಹೇಳಿತು.

ಮಾಲೀಕ ಆ ವರದಿಯನ್ನು ಕನ್ನಡಿ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದನಂತೆ. ಕೆಲಸ ಬಿಟ್ಟ ಹೊಟ್ಟೆಕಿಚ್ಚಿಗೆ ದೂರು ಕೊಟ್ಟಿದ್ದಾಳೆ ಎಂದು ಸಾರಿದನಂತೆ. ಕಾಲೇಜಿನಲ್ಲಿ ಇಬ್ಬರು ನನ್ನನ್ನು ಕಂಡು ಮುಸಿಮುಸಿ ನಕ್ಕರು. ಇಂಗು ತಿಂದ ಮಂಗ ಎಂಬ ಮಾತಿನ ಅರ್ಥ ಆ ವಾರ ಚೆನ್ನಾಗಿ ತಿಳಿಯಿತು. ಇಷ್ಟಕ್ಕೆ ಬಿಟ್ಟುಬಿಡೋಣ ಎಂದರು ಮನೆಯವರು. ಬಿಡುವುದಿಲ್ಲ ಎಂದೆ. ನ್ಯಾಯ, ಸಮಾಜ ಎಂದೆಲ್ಲ ಹೇಳಿದರೆ ಸುಳ್ಳಾಗುತ್ತದೆ. ಅವನ ಮುಖ ಬೀಳುವುದನ್ನು ನನ್ನ ಕಣ್ಣಿನಿಂದ ನೋಡಬೇಕಿತ್ತು, ಅಷ್ಟೇ.

ಮತ್ತೆ ಅಧಿಕಾರಿಯ ಬಳಿ ಹೋದಾಗ ಆತ ಒಂದು ದಾರಿ ಹೇಳಿದ.

“ಕಾಯ್ದೆದಾಗ ಗಿರಾಕಿಗೂ ಅವಕಾಶ ಐತ್ರಿ ಮೇಡಂ. ನೀವೇ ಖರೀದಿ ಮಾಡಿ ಸರ್ಕಾರಿ ಆಹಾರ ವಿಶ್ಲೇಷಕರಿಗೆ ಕೊಡಬಹುದು. ಆದ್ರ ಒಂದು ಷರತ್ತು. ತಗಳ್ಳೋ ಹೊತ್ನ್ಯಾಗ ಮಾರೋನಿಗೆ ಹೇಳಬೇಕು, ಇದನ್ನ ಪರೀಕ್ಷೆಕ್ಕ ಕಳಸ್ತೀನಿ ಅಂತ. ಮುಚ್ಚಿಟ್ಟು ತಗಂಡ್ರ ನಡಿಯಂಗಿಲ್ಲ.”

“ಹೇಳಿದ್ರ ಯಾರು ಕೊಡ್ತಾರ್ರಿ?”

“ಅದು ನಿಮ್ಮ ಜಾಣತನ,” ಎಂದು ನಕ್ಕ.

ಹರಪನಹಳ್ಳಿಯಲ್ಲಿ ಕೇಳಿದೆ, ಕೊಡಲಿಲ್ಲ. ಹಡಗಲಿಯಲ್ಲಿ ಪ್ಯಾಕೆಟ್ ಕೈಗೆ ಬಂದಿತ್ತು, ಪರೀಕ್ಷೆ ಎಂಬ ಮಾತು ಬಾಯಿಂದ ಹೊರಟಿದ್ದೇ ಅಂಗಡಿಯವನು ಕಸಿದುಕೊಂಡ. ಕೂಡ್ಲಿಗಿಯಲ್ಲಿ ನನ್ನನ್ನು ಕಂಡ ಕೂಡಲೇ ಬಾರಿನ ಬಾಕ್ಸ್ ಕೆಳಗೆ ಹೋಯಿತು. ಕೊಟ್ಟೂರಿನ ಅಂಗಡಿಯವನು ಮಾತ್ರ ನಿಜ ಹೇಳಿದ.

“ಅಕ್ಕಾರ, ನಿಮಗ ಕೊಡಬ್ಯಾಡ ಅಂತ ಮಾಲೀಕರು ಫೋನ್ ಮಾಡ್ಯಾರ್ರಿ. ಫೋಟೋನೂ ಕಳಿಸ್ಯಾರ. ಕೊಟ್ರ ನಮಗ ಮಾಲು ಬಂದ್ ಮಾಡ್ತಾರಂತ.”

ನನ್ನ ಫೋಟೋ ತೋರಿಸಿದ. ಯೂನಿಟ್ಟಿನ ಪೂಜೆಯಲ್ಲಿ ತೆಗೆದದ್ದು. ಆರತಿ ತಟ್ಟೆ ಹಿಡಿದು ನಿಂತಿದ್ದೇನೆ. ಅದನ್ನು ನೋಡುತ್ತಲೇ ನನಗೆ ದಾರಿ ಕಂಡಿತು.

ನಮ್ಮ ಕಡೆ ವ್ಯಾಪಾರಸ್ಥರು ಪ್ರತಿ ಅಮಾವಾಸ್ಯೆಗೆ ಅಂಗಡಿ ಪೂಜೆ ಮಾಡುತ್ತಾರೆ. ಮಾಲೀಕನ ಅಂಗಡಿಯಲ್ಲಿ ಈ ಪೂಜೆ ಅವನ ತಾಯಿಯ ಕೈಯಲ್ಲಿ. ಆಗ ನಡೆಯುತ್ತಿರುವ ಬ್ಯಾಚಿನ ಬಾಕ್ಸುಗಳನ್ನು ದೇವರ ಮುಂದೆ ಇಟ್ಟು, ಕುಂಕುಮ ಹಚ್ಚಿ, ಬಾಗಿಲಲ್ಲಿ ಕುಂಬಳಕಾಯಿ ಒಡೆದ ಮೇಲೆ ಮೊದಲ ಮಾರಾಟ ಆ ಬಾಕ್ಸಿನಿಂದಲೇ ಆಗಬೇಕು. ಅದು ಬೋಣಿಗೆ. ಬೋಣಿಗೆಯ ಗಿರಾಕಿ ಬರಿಗೈಯಲ್ಲಿ ಹೋದರೆ ಮುಂದಿನ ಅಮಾವಾಸ್ಯೆಯ ತನಕ ವ್ಯಾಪಾರ ಕೆಡುತ್ತದೆ ಎಂದು ಆಕೆ ನಂಬಿದ್ದರು. ಒಮ್ಮೆ ಚಿಲ್ಲರೆ ಇಲ್ಲವೆಂದು ಮೊದಲ ಗಿರಾಕಿ ಹೊರಟಾಗ, ಆ ಅಮ್ಮ ರಸ್ತೆ ದಾಟಿ ಹಿಂದೆ ಓಡಿಹೋಗಿ ಉದ್ದರಿ ಕೊಟ್ಟು ಬಂದದ್ದನ್ನು ನಾನೇ ನೋಡಿದ್ದೆ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಅಧಿಕಾರಿಗೆ ಒಳ್ಳೆಯ ಮಾಲು ಮಾಡಿಸಿ ಇಡುವವನು ದೇವರಿಗಾಗಿ ಬೇರೆ ಬ್ಯಾಚು ಮಾಡಿಸುವವನಲ್ಲ. ದೇವರು ವರದಿ ಬರೆಯುವುದಿಲ್ಲವಲ್ಲ.

ಅಮಾವಾಸ್ಯೆಯ ಮುಂಜಾನೆ ಮನೆಯವರ ಬೈಕಿನಲ್ಲಿ ಹರಪನಹಳ್ಳಿ ಬಿಟ್ಟೆವು. ಕೊಟ್ಟೂರು ದಾಟುವಾಗ ಅವರು ಒಂದೇ ಮಾತು ಕೇಳಿದರು, “ಅವರು ಕೊಡದಿದ್ರ?” ಕೊಡುತ್ತಾರೆ ಎಂದೆ. ಇದು ತಪ್ಪಿದರೆ ಮುಂದಿನ ಸಲಕ್ಕೆ ಅವನು ಎಚ್ಚರವಾಗಿರುತ್ತಾನೆ, ಅತ್ತೆಯ ಬೆರಳನ್ನು ನುಂಗಿದ ಬಾರ್ ನನ್ನ ಹೆಸರಿನಲ್ಲೇ ಊರೂರಿಗೆ ಹೋಗುತ್ತಿರುತ್ತದೆ.

ನಾವು ಮುಟ್ಟಿದಾಗ ಆಗಲೇ ಕುಂಬಳಕಾಯಿ ಹೋಳಾಗಿ ಬಾಗಿಲಲ್ಲಿ ಬಿದ್ದಿತ್ತು. ಬಿಸ್ಕತ್ತು ಕೊಳ್ಳಲು ಒಬ್ಬ ಹೆಂಗಸು, ಟೀ ಪುಡಿಗೆಂದು ಇನ್ನೊಬ್ಬರು ಮೆಟ್ಟಿಲು ಹತ್ತುತ್ತಿದ್ದರು. ನಾನು ಸೀರೆ ಎತ್ತಿ ಹಿಡಿದು ಅವರನ್ನು ದಾಟಿ ಕೌಂಟರಿಗೆ ಹೋಗಿ ಕೈ ಊರಿದೆ. ಗಲ್ಲಾದ ಮುಂದೆ ಅಮ್ಮ, ಆಕೆಯ ಹಿಂದೆ ಊದುಬತ್ತಿ ಸಿಕ್ಕಿಸುತ್ತ ಮಾಲೀಕ.

“ಅಮ್ಮಾರ, ಬೋಣಿಗಿ ನಂದು. ಎರಡು ಬಾಕ್ಸ್ ನವಣಿ ಬಾರ್ ಕೊಡ್ರಿ, ದೇವರ ಮುಂದಿನವು.”

“ಅಯ್ಯ, ನೀನೇನವ್ವ! ಬಾರವ್ವ, ಎಷ್ಟು ದಿನ ಆತು ನೋಡಿ,” ಎಂದು ಅಮ್ಮ ಅರಳಿದರು. ಮಾಲೀಕ ತಿರುಗಿದ. ಅವನ ಕೈಯ ಊದುಬತ್ತಿ ಅಲ್ಲೇ ನಿಂತಿತು.

“ಇನ್ನೊಂದು ಮಾತ್ರಿ,” ಎಂದೆ, ಮೆಟ್ಟಿಲ ಮೇಲಿದ್ದವರಿಗೂ ಕೇಳುವ ಹಾಗೆ. “ಇವನ್ನ ನಾನು ತಿನ್ನಾಕ ತಗಳ್ಳಾಕತ್ತಿಲ್ಲ. ಸರ್ಕಾರದ ಆಹಾರ ವಿಶ್ಲೇಷಕರಿಗೆ ಪರೀಕ್ಷೆಕ್ಕ ಕಳಸಾಕ ತಗಳ್ಳಾಕತ್ತೀನಿ. ಹೇಳಿ ತಗಬೇಕು ಅಂತ ಕಾನೂನೈತಿ, ಹೇಳೀನಿ.”

“ಇಲ್ಲ. ಸ್ಟಾಕ್ ಇಲ್ಲ. ಹೋಗ್ರಿ ಮೇಡಂ,” ಎಂದ ಮಾಲೀಕ. ಸ್ಟಾಕು ಅವನ ಬೆನ್ನ ಹಿಂದೆಯೇ ಕುಂಕುಮ ಹಚ್ಚಿಕೊಂಡು ಕುಳಿತಿತ್ತು.

ಅಮ್ಮ ಮಗನ ಮುಖ ನೋಡಿದರು. “ಲೇ, ಏನಂದಿ? ಅಮಾಸಿ ದಿನ ಬೋಣಿಗಿ ಗಿರಾಕಿಗೆ ಇಲ್ಲಾ ಅಂತಿಯೇನೋ? ಬಾಯಾಗ ಇಲ್ಲಾ ಅನ್ನೋ ಮಾತು ಬರಬಾರದು ಈ ಹೊತ್ನ್ಯಾಗ.”

“ಅವ್ವ, ನಿನಗ ತಿಳಿಯಂಗಿಲ್ಲ. ಆಕಿ ಪರೀಕ್ಷೆ ಮಾಡಸ್ತಾಳಂತ.”

“ಮಾಡಸ್ಲಿ ಬಿಡೋ. ನಮ್ಮ ಮಾಲು ಚೊಲೋ ಐತಿ ಅಂತ ನೀನ ವರದಿ ಗ್ವಾಡಿಗೆ ಹಾಕೀದಿ. ಹೆದರಿಕಿ ಯಾಕ?”

ಮೆಟ್ಟಿಲ ಮೇಲಿದ್ದ ಹೆಂಗಸು ಗೋಡೆಯ ವರದಿಯನ್ನೂ ಮಾಲೀಕನನ್ನೂ ನೋಡಿದಳು. ಟೀ ಪುಡಿಯವರೂ ನೋಡಿದರು. ಅಮ್ಮ ತಾವೇ ಎದ್ದು ದೇವರ ಮುಂದಿನ ಎರಡು ಬಾಕ್ಸ್ ತೆಗೆದು ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟರು. ಬಿಲ್ಲು ಬರೆಯುವುದು ಮಾತ್ರ ಮಗನ ಕೆಲಸ. ಬ್ಯಾಚ್ ನಂಬರನ್ನೂ ‘ಪರೀಕ್ಷೆಗೆ’ ಎಂಬುದನ್ನೂ ಬರೆಯಿರಿ ಎಂದೆ. ಅವನ ಪೆನ್ನು ಕಾಗದ ಹರಿಯುವ ಹಾಗೆ ಒತ್ತುತ್ತಿತ್ತು. ಆ ಅಮ್ಮನ ನಂಬಿಕೆಯನ್ನು ನಾನು ಆಯುಧ ಮಾಡಿಕೊಂಡೆ. ಮನಸ್ಸಿಗೆ ಸ್ವಲ್ಪ ಚುಚ್ಚಿತು. ಆದರೆ ನನ್ನ ಅತ್ತೆಯ ನಂಬಿಕೆಯನ್ನೂ ಒಬ್ಬ ಹಾಗೆಯೇ ಬಳಸಿಕೊಂಡಿದ್ದ, ಅವನು ಚುಚ್ಚಿಸಿಕೊಂಡಂತೆ ಕಾಣಲಿಲ್ಲ.

ಬಾಕ್ಸುಗಳನ್ನು ಒಡೆಯದೆ ಬಟ್ಟೆಯಲ್ಲಿ ಸುತ್ತಿ, ಬಿಲ್ಲಿನೊಂದಿಗೆ ವಿಶ್ಲೇಷಕರ ಕಚೇರಿಗೆ ನಾನೇ ಒಯ್ದು ಕೊಟ್ಟೆ. ಅಂಚೆಗೆ ಹಾಕಲು ಧೈರ್ಯವಾಗಲಿಲ್ಲ. ವರದಿ ಬರುವ ತನಕ ಒಂದು ತುತ್ತು ನೆಮ್ಮದಿಯಿಂದ ಉಣ್ಣಲಿಲ್ಲ. ದೇವರಿಗೂ ಒಳ್ಳೆಯ ಮಾಲೇ ಇಟ್ಟಿದ್ದರೆ? ಹಾಗಿದ್ದರೆ ನಾನು ಊರು ಬಿಡಬೇಕಾಗುತ್ತಿತ್ತು. ಬಂದ ವರದಿಯಲ್ಲಿ ನನ್ನ ಬ್ಯುರೆಟ್ಟು ಹೇಳಿದ್ದೇ ಇತ್ತು. ಸಕ್ಕರೆ ಮೂರರಲ್ಲೊಂದಕ್ಕಿಂತ ಹೆಚ್ಚು, ಪ್ರೋಟೀನು ಬರೆದದ್ದರ ಅರ್ಧಕ್ಕಿಂತ ಕಡಿಮೆ, ಪ್ಯಾಕೆಟ್ಟಿನ ಬರಹ ದಾರಿ ತಪ್ಪಿಸುವಂಥದ್ದು.

ಈ ಸಲ ಅಧಿಕಾರಿಯ ಜೀಪು ನೇರವಾಗಿ ಯೂನಿಟ್ಟಿಗೇ ಹೋಯಿತು. ಬಾರುಗಳನ್ನೆಲ್ಲ ಅಂಗಡಿಗಳಿಂದ ಹಿಂದಕ್ಕೆ ತರಿಸಬೇಕೆಂದು ಆದೇಶವಾಯಿತು. ಮಾಲೀಕನೇ ತನ್ನ ಗಾಡಿಯಲ್ಲಿ ಅಂಗಡಿ ಅಂಗಡಿಗೆ ತಿರುಗಿದ. ಕೊಟ್ಟೂರಿನಲ್ಲಿ ಅವನು ಬಾಕ್ಸುಗಳನ್ನು ಹೊತ್ತು ಗಾಡಿಗೆ ತುಂಬುವಾಗ ನಾನು ಎದುರಿನ ಹೋಟೆಲ್ಲಿನಲ್ಲಿ ಕುಳಿತು ಮಿರ್ಚಿ ಮಂಡಕ್ಕಿ ತಿಂದೆ. ಅವನಿಗೆ ಕಾಣುವ ಜಾಗವನ್ನೇ ಆರಿಸಿ ಕುಳಿತಿದ್ದೆ. ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಇನ್ನೊಂದು ಪ್ಲೇಟು ಹೇಳಿದೆ.

ಅಷ್ಟಕ್ಕೇ ಬಿಡಲಿಲ್ಲ. ಒಪ್ಪಿಗೆ ಇಲ್ಲದೆ ನನ್ನ ಹೆಸರು ಬಳಸಿದ್ದಕ್ಕೆ ಪೊಲೀಸರಿಗೆ ಬೇರೆ ದೂರು ಕೊಟ್ಟೆ. ಅದು ಅವನಿಗೆ ನಿಜವಾಗಿ ತಟ್ಟಿತು. ಒಂದು ಭಾನುವಾರ ನಾನು ಕಾನಹೊಸಹಳ್ಳಿಯಲ್ಲಿ ಅತ್ತೆಯ ಕಾಲಿಗೆ ಪಟ್ಟಿ ಬದಲಾಯಿಸುತ್ತಿದ್ದಾಗ ಹಣ್ಣಿನ ಬುಟ್ಟಿ ಹಿಡಿದು ಬಂದ. ಅತ್ತೆ ಬನ್ನಿ ಎಂದರು, ಕೂರಿಸಿದರು, ನೀರು ಕೊಡಿಸಿದರು. ಬಂದವರು ಯಾರೇ ಆಗಲಿ ಅವರ ರೀತಿಯೇ ಹಾಗೆ. ನಾನು ಪಟ್ಟಿ ಸುತ್ತುವುದನ್ನು ನಿಲ್ಲಿಸಲಿಲ್ಲ.

“ಆಗಿದ್ದು ಆಗಿ ಹೋತು ಮೇಡಂ,” ಎಂದ. “ಕಂಪ್ಲೇಂಟ್ ಒಂದು ವಾಪಸ್ ತಗಳ್ರಿ. ಅವ್ವಾರ ಔಷಧಿ ಖರ್ಚು ಎಲ್ಲಾ ನಾ ನೋಡಿಕೊಂತೀನಿ. ಅವ್ವಾರ, ನೀವಾದ್ರೂ ಸೊಸಿಗೆ ಹೇಳ್ರಿ.”

ಒಳಗೆ ವಾರಗಿತ್ತಿ ಚಹಾ ಇಡುತ್ತಿದ್ದಳು. “ಸಾವ್ಕಾರ್ರಿಗೆ ಸಕ್ಕರಿ ಎಷ್ಟು ಹಾಕಬೇಕು ಕೇಳ್ರಿ” ಎಂದು ಕೂಗಿದಳು.

“ಸಕ್ಕರಿ ಬ್ಯಾಡ್ರಿ,” ಎಂದ ಅವನು. “ನನಗೂ ಶುಗರ್ ಐತಿ.”

ನನ್ನ ಕೈ ನಿಂತಿತು. ಅತ್ತೆ ಕೇಳಿದರು, “ಎಷ್ಟು ವರ್ಷ ಆತ್ರಿ?”

“ಏಳೆಂಟು ವರ್ಷ ಆತ್ರಿ ಅವ್ವಾರ. ಭಾಳ ಪಥ್ಯ ಮಾಡ್ತೀನಿ, ಹಂಗಾಗಿ ಹತೋಟಿದಾಗ ಐತಿ.”

ಯೂನಿಟ್ಟು ಶುರುವಾಗಿ ಅಷ್ಟು ವರ್ಷ ಆಗಿಲ್ಲ. ಪ್ರತಿ ಹೊಸ ಪಾಕದ ರುಚಿ ನೋಡಲು ಅವನು ನಮ್ಮನ್ನೇ ಕರೆಯುತ್ತಿದ್ದ, ತಾನು ಒಂದು ಚೂರನ್ನೂ ಬಾಯಿಗಿಡುತ್ತಿರಲಿಲ್ಲ. ಕೆಲಸದವರ ಮೇಲೆ ಅಷ್ಟು ನಂಬಿಕೆ ಎಂದುಕೊಂಡಿದ್ದೆ.

ಅತ್ತೆ ಕೋಲು ಊರಿ ಎದ್ದರು. ನಾನು ಹಿಡಿಯಲು ಹೋದರೆ ಬೇಡವೆಂದು ಕೈ ಮಾಡಿದರು. ಕುಂಟುತ್ತ ಹೋಗಿ ಗೋಡೆಯ ಗೂಡಿನಿಂದ ಏನನ್ನೋ ತೆಗೆದು, ಸೆರಗಿನಿಂದ ಧೂಳು ಒರೆಸಿ, ಒಂದು ತಟ್ಟೆಯಲ್ಲಿಟ್ಟು ಅವನ ಮುಂದೆ ತಂದಿಟ್ಟರು. ಅವನದೇ ಬಾರು, ಒಡೆಯದ ಪ್ಯಾಕೆಟ್ಟು.

“ಚಾ ಸಪ್ಪಗಾಕ್ಕತಿ. ಇದನ್ನ ತಿನ್ರಿ ಸಾವ್ಕಾರ್ರ. ಇದರಾಗ ಸಕ್ಕರಿ ಇಲ್ಲಂತ, ಶುಗರ್ ಇದ್ದೋರು ತಿನ್ನಬಹುದಂತ. ಮ್ಯಾಲ ಬರದೈತಿ.”

ಅವನು ತಟ್ಟೆಯನ್ನು ನೋಡಿದ. ಕೈ ಮುಂದೆ ಬರಲಿಲ್ಲ. ಚಹಾ ಬಂತು, ಅದನ್ನೂ ಮುಟ್ಟಲಿಲ್ಲ. ಅತ್ತೆ ಅವನ ಎದುರಿಗೇ ಕುಳಿತು, ಪಟ್ಟಿ ಸುತ್ತಿದ ಕಾಲನ್ನು ಮುಂದೆ ಚಾಚಿ ಕಾದರು.

“ಯಾಕ್ರಿ?” ಎಂದು ಕೇಳಿದರು, ಮೆಲ್ಲಗೆ. “ನಾ ತಿಂದೀನಲ್ಲ.”

ಅವನು ಎದ್ದು ಹೋದ. ದೂರನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.